ಗುಡಿ ಮುಂದೆ ನಿಲ್ಲುವ ಕಾರು

ಕಾರು ಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಕವರನ್ನು ಕೀಳಲು ನಮ್ಮತ್ತೆ ಇನ್ನೂ ಬಿಟ್ಟಿರಲಿಲ್ಲ. ಅಷ್ಟರೊಳಗೆ ಅದಕ್ಕೊಂದು ಕಾಯಿಲೆ ಅಂಟಿಕೊಂಡಿತು. ಹಳ್ಳಕ್ಕಿಳಿದರೂ ಕೆಡುತ್ತಿರಲಿಲ್ಲ, ದಿಬ್ಬ ಹತ್ತಿದರೂ ಕೆಡುತ್ತಿರಲಿಲ್ಲ, ಕಬ್ಬಿನ ಗಾಡಿಗಳ ಹಿಂದೆ ಅರ್ಧ ಗಂಟೆ ತೆವಳಿದರೂ ಏನೂ ಆಗುತ್ತಿರಲಿಲ್ಲ. ಗುಡಿ ಮುಂದೆ ನಿಲ್ಲಿಸಿದರೆ ಮಾತ್ರ ಜೀವ ಬಿಟ್ಟಂತೆ ಸುಮ್ಮನಾಗಿಬಿಡುತ್ತಿತ್ತು. ನಾನು ವಿಜ್ಞಾನದ ಮೇಡಂ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ಇಪ್ಪತ್ತೈದು ವರ್ಷದಿಂದ ಮಕ್ಕಳ ತಲೆಗೆ ತುಂಬುತ್ತಾ ಬಂದವಳು. ನನ್ನ ಕಾರೇ ಹೀಗೆ ಮಾಡಿದರೆ ಮೈ ಉರಿಯದೆ ಇರುತ್ತದೆಯೇ?

ಕಿರಂಗೂರಿನ ನಮ್ಮ ಮನೆಯಿಂದ ಪಾಂಡವಪುರದ ಹೈಸ್ಕೂಲಿಗೆ ನಾನು ಅಷ್ಟು ವರ್ಷವೂ ಬಸ್ಸಿನಲ್ಲೇ ಓಡಾಡಿದ್ದೆ. ಐವತ್ತು ಹತ್ತಿರ ಬಂದಾಗ ಹಟ ಹಿಡಿದು ಡ್ರೈವಿಂಗ್ ಕಲಿತೆ. ಕಲಿಸುವವನು ದಿನಾ ನನ್ನನ್ನು ಬೈದ, ನಾನೂ ಅವನನ್ನು ಬೈದೆ, ಹೇಗೋ ಲೈಸೆನ್ಸ್ ಕೈಗೆ ಬಂತು. ನಮ್ಮ ಯಜಮಾನರಿಗೆ ಟ್ರಾಕ್ಟರು, ಹಸು, ಡೈರಿ ಇಷ್ಟಿದ್ದರೆ ಸಾಕು. ಕಾರಿನ ತಂಟೆಗೆ ಅವರು ಬರುವವರಲ್ಲ. ಹಾಗಾಗಿ ಕಾರು ನನ್ನದೇ ಎಂದುಕೊಂಡಿದ್ದೆ. ಮನೆಗೆ ಬಂದ ದಿನವೇ ಅದು ಅತ್ತೆಯದಾಯಿತು.

ಅತ್ತೆಗೆ ಆಗ ಎಪ್ಪತ್ತಾರು. ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಎರಡು ವರ್ಷದಿಂದ ಎಲ್ಲಿಗೂ ಹೋಗಿರಲಿಲ್ಲ. ಮಾವ ತೀರಿಕೊಂಡು ಎಂಟು ವರ್ಷವಾಗಿತ್ತು. ಅಂದಿನಿಂದ ಅವರಿಗೊಂದು ಅಭ್ಯಾಸ ಬಂದಿತ್ತು: ಮದುವೆಯಾಗಲಿ, ನಾಮಕರಣವಾಗಲಿ, ಯಾರೂ ಹೇಳದಿದ್ದರೂ ತಾವಾಗಿಯೇ ಹಿಂದೆ ಸರಿದು ಗೋಡೆ ಪಕ್ಕ ನಿಲ್ಲುವುದು. ಮುಂದೆ ಬನ್ನಿ ಅತ್ತೆ ಎಂದು ಕರೆದರೆ, ಇಲ್ಲೇ ಚೆನ್ನಾಗಿ ಕಾಣ್ತದೆ ಬುಡು ಅನ್ನುವುದು. ಅಂಥವರು ಕಾರು ಬಂದ ದಿನ ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಗಾಜು ಇಳಿಸು ಎಂದರು. ಊರ ಬೀದಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸಿದರು. ಬಸ್ಸಿಗೆ ಕಾಯುತ್ತಿದ್ದವರನ್ನು ಎಲ್ಲಿಗೆ ಹೊರಟಿರಿ ಎಂದು ವಿಚಾರಿಸಿದರು. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂತೆಬಾಚಹಳ್ಳಿಯ ತಂಗಿಯ ಮನೆಗೆ ಹೋಗುವುದು ಎಂದು ಅವರೇ ನಿಗದಿ ಮಾಡಿದರು. ಒಂದು ಸಲ ನಾಗಮಂಗಲದ ಮೇಲೆ ಹಾದು ದೇವಲಾಪುರದ ಕಡೆಯ ಅವರ ತವರಿಗೂ ಹೋಗಿಬಂದೆವು. ನನಗಂತೂ ಅವರ ಉತ್ಸಾಹ ನೋಡಿಯೇ ಖುಷಿಯಾಗುತ್ತಿತ್ತು.

ಕಾರಿನಲ್ಲಿ ಒಂದು ಹೊಸ ಏರ್ಪಾಡಿತ್ತು. ಎಲ್ಲಾದರೂ ನಿಂತು, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಮೇಲಿನ ಕಾಲು ತೆಗೆದರೆ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಪೆಟ್ರೋಲ್ ಉಳಿಯಲಿ ಅಂತ. ಮತ್ತೆ ಕ್ಲಚ್ ತುಳಿದ ತಕ್ಷಣ ತಾನಾಗಿ ಸ್ಟಾರ್ಟ್ ಆಗುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡ್ ಎದುರು ಎಂಜಿನ್ ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹೊಸ ಕಾರು ಕೆಟ್ಟೇ ಹೋಯಿತು ಎಂದು ಇಳಿದು, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಆಟೋದವನ ಮೇಲೆ ಹರಿಹಾಯ್ದಿದ್ದೆ. ಆಮೇಲೆ ಮ್ಯಾನುಯಲ್ ಪುಸ್ತಕವನ್ನು ಪೆನ್ಸಿಲ್ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದೆ. ತಿಳಿದ ಮೇಲೆ ನನಗೆ ಅದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಪಾಂಡವಪುರದಲ್ಲಿ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಾಗ ಅದು ನಿಲ್ಲುವುದು, ಹೊರಡುವುದು, ನಿಲ್ಲುವುದು, ಹೊರಡುವುದು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ ಹೇಳಿ ಬೇಜಾರು ಹಿಡಿಸಿದ್ದೆ.

ಇನ್ನು ಗುಡಿಯ ವಿಷಯ. ನಮ್ಮ ಮನೆಯಲ್ಲಿ ಮಾವನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ದಾರಿಯಲ್ಲಿ ಗುಡಿ ಸಿಕ್ಕರೆ ಕೂತ ಜಾಗದಿಂದ ಕೈ ಮುಗಿಯಬಾರದು, ಏಳಬೇಕು. ಎತ್ತಿನ ಗಾಡಿಯಿದ್ದಾಗ ಮಾವ ಗಾಡಿಯಿಂದ ಇಳಿದೇ ಕೈ ಮುಗಿಯುತ್ತಿದ್ದರಂತೆ. ಟ್ರಾಕ್ಟರು ಬಂದ ಮೇಲೆ ಅದರ ಮೇಲೇ ಎದ್ದು ನಿಂತು ಮುಗಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಎಲ್ಲ ಗುಡಿಗೂ ಅಲ್ಲ. ನಮ್ಮೂರಾಚೆಯ ಮಾರಮ್ಮ, ಪಾಂಡವಪುರ ದಾಟಿದ ಮೇಲೆ ಸಿಗುವ ಹನುಮಂತರಾಯ, ಕೆ.ಆರ್.ಪೇಟೆ ರಸ್ತೆಯ ಬಸವಣ್ಣ, ಹೀಗೆ ಮನೆಯವರು ನಡೆದುಕೊಳ್ಳುವ ಕೆಲವು ದೇವರಿಗೆ ಮಾತ್ರ. ಅತ್ತೆ ಜೊತೆಗಿದ್ದಾಗ ನಾನು ಅಲ್ಲೆಲ್ಲ ಕಾರು ನಿಲ್ಲಿಸುತ್ತಿದ್ದೆ. ಇಬ್ಬರೂ ಸೀಟಿನಿಂದ ಒಂದಿಷ್ಟು ಮೇಲೆದ್ದು, ತಲೆ ಛಾವಣಿಗೆ ತಾಗದಂತೆ ಬಗ್ಗಿ, ಕೈ ಮುಗಿದು ಕೂರುತ್ತಿದ್ದೆವು.

ಮೊದಮೊದಲು ಗುಡಿ ಮುಂದೆ ಕೀ ತಿರುಗಿಸಿ ನಾನೇ ಎಂಜಿನ್ ಆಫ್ ಮಾಡುತ್ತಿದ್ದೆ, ಆಮೇಲೆ ಅದನ್ನೂ ಹೊಸ ಏರ್ಪಾಡಿಗೇ ಬಿಟ್ಟೆ. ಮೊದಲ ಸಲ ಕಾರು ಕೈಕೊಟ್ಟದ್ದು ಮಾರಮ್ಮನ ಗುಡಿ ಮುಂದೆ. ನಿಲ್ಲಿಸಿದೆ, ಎಂಜಿನ್ ತಾನಾಗಿ ಆಫ್ ಆಯಿತು, ಕೈ ಮುಗಿದೆವು. ಹೊರಡೋಣ ಎಂದು ಕ್ಲಚ್ ತುಳಿದರೆ ಸದ್ದೇ ಇಲ್ಲ. ಇನ್ನೊಮ್ಮೆ ತುಳಿದೆ. ಕೀ ತಿರುಗಿಸಲು ಹೋದರೆ ಅದೂ ಮುಂದಕ್ಕೆ ತಿರುಗಲಿಲ್ಲ. ಎದುರಿನ ಬೋರ್ಡಿನಲ್ಲಿ ಮಾತ್ರ ದೀಪಗಳೆಲ್ಲ ಹೊತ್ತಿಕೊಂಡವು. ಇಬ್ಬರೂ ಇಳಿದು, ನಾನು ಬಾನೆಟ್ ಎತ್ತಿ ಎಲ್ಲ ಗೊತ್ತಿರುವವಳ ಹಾಗೆ ಒಳಗೆ ನೋಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೂತು ಕೀ ಹಾಕಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಹೆದರಿ ಅವತ್ತು ಮನೆಗೇ ತಿರುಗಿದೆವು. ಹದಿನೈದು ದಿನದ ನಂತರ ಮಾರಮ್ಮನ ಮುಂದೆ, ಹನುಮಂತರಾಯನ ಮುಂದೆ ಅದೇ ಕತೆ, ಬರುವಾಗ ಬಸವಣ್ಣನ ಮುಂದೆ ಮತ್ತೆ ಅದೇ.

ಯಜಮಾನರು ಒಬ್ಬರೇ ಒಂದು ಸುತ್ತು ಓಡಿಸಿ ಬಂದು, ಗಾಡಿ ಸರಿಯಾಗೇ ಇದೆ, ನಿನಗೆ ಕ್ಲಚ್ ತುಳಿಯಲು ಬರುವುದಿಲ್ಲ ಎಂದರು. ಆ ಮಾತಿಗೆ ಎರಡು ದಿನ ನಾನು ಅವರ ಹತ್ತಿರ ಮಾತು ಬಿಟ್ಟೆ. ಸರ್ವಿಸ್ ಸೆಂಟರಿಗೆ ಹೋದೆ. ಮೂರು ದಿನ ಇಟ್ಟುಕೊಂಡು, ಕಂಪ್ಯೂಟರ್ ಜೋಡಿಸಿ, ಬ್ಯಾಟರಿ ನೋಡಿ, ಸ್ಟಾರ್ಟರ್ ನೋಡಿ, ಐವತ್ತು ಸಲ ನಿಲ್ಲಿಸಿ ಹೊರಡಿಸಿ, ಯಾವ ದೋಷವೂ ಕಾಣುತ್ತಿಲ್ಲ ಮೇಡಂ ಎಂದರು ಅಲ್ಲಿನ ಎಂಜಿನಿಯರು. ಪಾಪ, ಬಹಳ ಸೌಮ್ಯ ಮನುಷ್ಯ. ಅದು ಗುಡಿ ಮುಂದೆ ಮಾತ್ರ ಕೆಡುತ್ತದೆ ಎಂದು ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ವಿಜ್ಞಾನದ ಮೇಡಂ ಬಾಯಲ್ಲಿ ಬರುವ ಮಾತೇ ಅದು? ದಾರಿಯಲ್ಲಿ ಎಲ್ಲೆಲ್ಲೋ ಅಂದುಬಿಟ್ಟೆ.

ಆಮೇಲೆ ನನ್ನ ಹಟ ಎದ್ದು ಕೂತಿತು. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕಾಲಂಗಳನ್ನು ಮಾಡಿದೆ. ಜಾಗ, ಹೊತ್ತು, ಬಿಸಿಲು, ಇಳಿಜಾರು, ಎ.ಸಿ. ಹಾಕಿತ್ತೋ ಇಲ್ಲವೋ, ಪೆಟ್ರೋಲ್ ಎಷ್ಟಿತ್ತು, ಜೊತೆಗೆ ಯಾರಿದ್ದರು. ನಿಂತ ಕಡೆಯಲ್ಲೆಲ್ಲ ಬರೆದೆ. ತಿಂಗಳಾದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಕೂತು ತಾಳೆ ನೋಡಿದರೆ, ಬಿಸಿಲಿಗೂ ಸಂಬಂಧವಿಲ್ಲ, ಇಳಿಜಾರಿಗೂ ಸಂಬಂಧವಿಲ್ಲ. ಗುಡಿ ಮುಂದೆ ಅತ್ತೆ ಇದ್ದಾಗ ಪ್ರತಿ ಸಲವೂ ಕೆಟ್ಟಿತ್ತು. ಅತ್ತೆ ಇಲ್ಲದೆ ನಾನೊಬ್ಬಳೇ ಅದೇ ಗುಡಿಗಳ ಮುಂದೆ ಹೋದಾಗ ಒಮ್ಮೆಯೂ ಕೆಟ್ಟಿರಲಿಲ್ಲ. ಅತ್ತೆ ಇದ್ದರು, ಕೆಟ್ಟಿತು; ಅತ್ತೆ ಇರಲಿಲ್ಲ, ಕೆಡಲಿಲ್ಲ ಎಂದು ಎರಡು ಸಾಲು ಬರೆದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಇದೆಂಥ ಹುಚ್ಚು ಫಲಿತಾಂಶ ಎಂದು ತಲೆ ಕೆಟ್ಟು, ಪುಸ್ತಕವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಟೀ ಇಟ್ಟೆ.

ಅತ್ತೆ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಬೆರಳಿಟ್ಟು, ತುಟಿ ಆಡಿಸುತ್ತ, ನಿಧಾನವಾಗಿ ಓದುತ್ತಾರೆ. ನಾನು ಟೀ ಹಿಡಿದು ಬರುವಾಗ ಅವರ ಬೆರಳು ಕೆಂಪು ಸುತ್ತಿನೊಳಗಿತ್ತು. ಅತ್ತೆ ಇದ್ದರು, ಅತ್ತೆ ಇರಲಿಲ್ಲ ಎಂದು ಎರಡು ಸಲ ಓದಿಕೊಂಡರು. ಆಮೇಲೆ ಪುಸ್ತಕ ಮುಚ್ಚಿ, ಟೀ ಕುಡಿದು, ಲೋಟ ತೊಳೆಯಲು ಎದ್ದುಹೋದರು.

ಮುಂದಿನ ಭಾನುವಾರ ಕಾರು ಹೊರಗೆ ತೆಗೆದು ಹಾರ್ನ್ ಮಾಡಿದೆ. ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಹಳೇ ಸೀರೆಯಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ನಾ ಬರಾಕಿಲ್ಲ ಕಣಮ್ಮಿ,” ಎಂದರು, ತಲೆ ಎತ್ತದೆ. “ನಾ ಕೂತ್ಕಂಡ್ ಗುಡಿ ಮುಂದಕ್ ಬಂದ್ರೆ ತಾನೆ ಅದು ನಿಂತ್ಕಳಾದು? ನೀನೇ ಬರ್ದಿದ್ದೀಯಲ್ಲ ಬುಕ್ಕಲ್ಲಿ. ದೇವ್ರಿಗೇ ಬ್ಯಾಡ್ವಾದ್ ಮ್ಯಾಲೆ ನಂಗ್ಯಾಕೆ ಕಾರು.”

ಅದೊಂದು ಲೆಕ್ಕಾಚಾರ ಅತ್ತೆ, ನಿಮ್ಮ ಮೇಲೆ ಬರೆದದ್ದಲ್ಲ ಎಂದೆ. ನಗಿಸಲು ನೋಡಿದೆ. ಆಮೇಲೆ ರೇಗಿದೆ. ರೇಗಿದ್ದು ಅವರ ಮೇಲಲ್ಲ, ನನ್ನ ಮೇಲೆ ನನಗೇ ಬಂದ ಸಿಟ್ಟು ಅದು. ಎಂಟು ವರ್ಷ ಗೋಡೆ ಪಕ್ಕ ನಿಂತವರು ನಾಲ್ಕು ತಿಂಗಳು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಗೆರೆ ಹಾಕಿ, ಕಾಲಂ ಮಾಡಿ, ಕೆಂಪು ಪೆನ್ನಿನಲ್ಲಿ ಸುತ್ತು ಬರೆದು ಅವರನ್ನು ಮತ್ತೆ ಗೋಡೆ ಪಕ್ಕಕ್ಕೆ ಕಳಿಸಿದ್ದೆ. ಸಂತೆಬಾಚಹಳ್ಳಿಯಿಂದ ಅವರ ತಂಗಿ ದಿನಾ ಫೋನ್ ಮಾಡುತ್ತಿದ್ದರು. ಅವರೆ ಮುಗಿಯುವುದರೊಳಗೆ ಬಾರಕ್ಕ, ಇಬ್ಬರೂ ಕೂತು ಕಾಳು ಹಿತುಕೋಣ ಎಂದು ಕರೆಯುತ್ತಿದ್ದರು. ಮಂಡಿ ನೋವು ಕಣವ್ವ, ಆಮ್ಯಾಕ್ ಬತ್ತೀನಿ ಎಂದು ಅತ್ತೆ ಸುಳ್ಳು ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡು ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಈ ಕಾರಿನ ರೋಗ ಏನೆಂದು ಪತ್ತೆಯಾಗದೆ ಇವರು ಕಾರು ಹತ್ತುವುದಿಲ್ಲ ಎಂಬುದು ನನಗೆ ಖಾತ್ರಿಯಾಯಿತು.

ಪಾಂಡವಪುರದಲ್ಲಿ ನಮ್ಮ ಟ್ರಾಕ್ಟರು ನೋಡುವ ಮೆಕಾನಿಕ್ ಒಬ್ಬರಿದ್ದಾರೆ. ಅರವತ್ತು ದಾಟಿದವರು, ಸುತ್ತಲ ಹಳ್ಳಿಗಳಿಗೆಲ್ಲ ಅವರು ಸಾಬರು. ಸ್ಕೂಲು ಬಿಟ್ಟ ಮೇಲೆ ಅವರ ಶೆಡ್ಡಿಗೆ ಹೋಗಿ, ಬೇರೆ ಯಾರಿಗೂ ಹೇಳದಿದ್ದ ಗುಡಿಯ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ.

“ನೋಡಿ ಟೀಚರಮ್ಮ, ಈ ಕಂಪ್ಯೂಟರ್ ಗಾಡಿ ಕೆಲ್ಸ ನಮ್ಗೆ ಬರಾಕಿಲ್ಲ. ಬಾನೆಟ್ ನಾ ಮುಟ್ಟಾಕಿಲ್ಲ,” ಎಂದರು. “ಗಾಡಿ ಓಡ್ಸೋರನ್ನ ನೋಡಾಕ್ ಮಾತ್ರ ಬತ್ತದೆ. ಬೇಕಾರೆ ಪಕ್ಕದಲ್ಲಿ ಕೂತ್ಕಂಡು ನೋಡ್ತೀನಿ.”

ಅವರ ರೀತಿಯೇ ಅದು. ಗದ್ದೆಯಲ್ಲಿ ಟ್ರಾಕ್ಟರು ನಿಂತಿತು ಎಂದು ಕರೆದರೆ ಬಂದು ಸ್ಪ್ಯಾನರ್ ಹಿಡಿಯುವುದಿಲ್ಲ. ಉಳು ಎಂದು ಹೇಳಿ, ಮಡ್‌ಗಾರ್ಡ್ ಮೇಲೆ ಕೂತು, ಓಡಿಸುವವನ ಕೈಕಾಲುಗಳನ್ನೇ ನೋಡುತ್ತಾರೆ. ಮಾರನೇ ದಿನ ನನ್ನ ಪಕ್ಕ ಕೂತು ಹನುಮಂತರಾಯನ ಗುಡಿಯವರೆಗೆ ಬಂದರು. ನಿಲ್ಲಿಸಿದೆ, ಎಂಜಿನ್ ಆಫ್ ಆಯಿತು, ಎದೆಗೆ ಕೈ ಮುಟ್ಟಿಸಿಕೊಂಡೆ, ಕ್ಲಚ್ ತುಳಿದೆ, ಸ್ಟಾರ್ಟ್ ಆಯಿತು. ಮೂರು ಸಲ ಮಾಡಿದರೂ ಸ್ಟಾರ್ಟ್ ಆಯಿತು. ನೋಡಿದ್ರಾ, ಅತ್ತೆ ಇಲ್ಲದಿದ್ದರೆ ಹೀಗೇ ಎಂದೆ. ಹಂಗಾದ್ರೆ ಅವ್ರೂ ಬರ್ಬೇಕು ಎಂದರು ಸಾಬರು. ಬರುವುದಿಲ್ಲ ಎಂದೆ. ನಾ ಕೇಳ್ತೀನಿ ಎಂದರು.

ಭಾನುವಾರ ಬೆಳಿಗ್ಗೆ ಕಿರಂಗೂರಿಗೆ ಬಂದೇಬಿಟ್ಟರು. ಕೆ.ಆರ್.ಪೇಟೆಯಲ್ಲಿ ಅವರಿಗೆ ಯಾವುದೋ ಪಂಪು ರಿಪೇರಿಯಾಗಿ ಸಿದ್ಧವಾಗಿತ್ತಂತೆ, ಅಲ್ಲಿಯವರೆಗೆ ಬರುತ್ತೇನೆ ಎಂದರು. ಜಗಲಿಯ ತುದಿಯಲ್ಲಿ ಕೂತು, ಮಾವನ ಕಾಲದ ಟ್ರಾಕ್ಟರಿನ ಮಾತು ತೆಗೆದು, ಅತ್ತೆಯಿಂದ ಟೀ ಮಾಡಿಸಿಕೊಂಡು ಕುಡಿದರು. ಆಮೇಲೆ, ಕಾಯಿಲೆ ಬಂದ ಹೊತ್ತಲ್ಲಿ ಯಾರಿದ್ದರೋ ಅವರಿಲ್ಲದೆ ಡಾಕ್ಟರು ಹೇಗಮ್ಮ ಔಷಧಿ ಕೊಡುತ್ತಾನೆ, ಇವತ್ತೊಂದು ದಿನ ಬನ್ನಿ ಎಂದು ಕೇಳಿಕೊಂಡರು. ಮನೆಗೆ ಬಂದವರ ಮಾತು ತೆಗೆದುಹಾಕಲಾರದೆ ಅತ್ತೆ ಒಪ್ಪಿದರು. ಸೀರೆ ಬದಲಾಯಿಸಿ ಬಂದವರು ಮುಂದಿನ ಬಾಗಿಲ ಕಡೆ ನೋಡಲೂ ಇಲ್ಲ. ಹಿಂದಿನ ಸೀಟಿನ ಮೂಲೆ ಹಿಡಿದು, ಗಾಜು ಏರಿಸಿಕೊಂಡು ಕೂತರು.

ಮಾರಮ್ಮನ ಗುಡಿ ಬಂತು. ನಿಲ್ಲಿಸಿದೆ, ಎಂದಿನಂತೆ ನಾನೂ ಅತ್ತೆಯೂ ಎದ್ದು ಕೈ ಮುಗಿದೆವು, ಕ್ಲಚ್ ತುಳಿದೆ. ಇಲ್ಲ. ಅತ್ತೆ ಹಿಂದಿನಿಂದ ನಿಟ್ಟುಸಿರು ಬಿಟ್ಟರು. ನಾನು ಗಾಬರಿಯಿಂದ ಕೀ ಹಿಡಿದು ಒದ್ದಾಡುವಾಗ ಸಾಬರು, ಅದನ್ನು ಪೂರ್ತಿ ಹಿಂದಕ್ಕೆ ತಂದು ಮತ್ತೆ ತಿರುಗಿಸಿ ಎಂದು ಮೆಲ್ಲಗೆ ಹೇಳಿದರು. ಕ್ಲಚ್ ತುಳಿದುಕೊಂಡು ಹಾಗೆ ಮಾಡಿದೆ, ಸ್ಟಾರ್ಟ್ ಆಯಿತು. ಹತ್ತು ನಿಮಿಷ ಕಾಯುವುದೇ ಬೇಕಿರಲಿಲ್ಲ! ಹನುಮಂತರಾಯನ ಮುಂದೆಯೂ ಅದೇ ಆಯಿತು. ಸಾಬರು ನನ್ನ ಮುಖವನ್ನೂ ನೋಡಲಿಲ್ಲ, ಕಾರಿನ ದೀಪಗಳನ್ನೂ ನೋಡಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು.

ಬಸವಣ್ಣನ ಗುಡಿ ಬಂದಾಗ ಕಾರು ನಿಲ್ಲಿಸಿದೆ. ಎಂಜಿನ್ ಆಫ್ ಆಯಿತು. ಏಳಲು ಹೊರಟೆ.

“ಈ ಸರ್ತಿ ಏಳ್ಬ್ಯಾಡಿ ಟೀಚರಮ್ಮ,” ಎಂದರು ಸಾಬರು. “ಬೆಲ್ಟ್ ಬಿಚ್ಬ್ಯಾಡಿ. ಕೂತಂಗೇ ಮುಗೀರಿ.”

ಕೂತೇ ಮುಗಿದೆ. ಕ್ಲಚ್ ತುಳಿದೆ. ಎಂಜಿನ್ ಗುರ್ರೆಂದು ಎದ್ದಿತು.

ಭತ್ತ ಕಟಾವು ಮಾಡುವ ಮಷೀನು ಹೀಗೇ ಮಾಡುತ್ತದಂತೆ. ಓಡಿಸುವವನು ಸೀಟು ಬಿಟ್ಟು ಎದ್ದರೆ, ಇವನು ಇಳಿಯುತ್ತಿದ್ದಾನೆ, ಕೈಕಾಲು ಸಿಕ್ಕಿಕೊಂಡೀತು ಎಂದು ತಾನಾಗಿ ನಿಂತುಬಿಡುತ್ತದಂತೆ. ನಿಮ್ಮ ಕಾರೂ ಅಷ್ಟೇ, ನೀವು ಬೆಲ್ಟ್ ಬಿಚ್ಚಿದ್ದನ್ನು ನೋಡಿ ಇಳಿದೇ ಹೋದಿರಿ ಎಂದುಕೊಳ್ಳುತ್ತದೆ, ಆಮೇಲೆ ಕ್ಲಚ್ ತುಳಿದರೆ ಕೇಳುವುದಿಲ್ಲ, ಕೀ ತಿರುಗಿಸಿ ಹೊಸದಾಗಿ ಎಬ್ಬಿಸಬೇಕು ಎಂದು ಬಿಡಿಸಿ ಹೇಳಿದರು. ಡ್ಯಾಶ್‌ಬೋರ್ಡಿನ ಗೂಡಿನಿಂದ ಮ್ಯಾನುಯಲ್ ತೆಗೆದು ನೋಡಿದೆ. ಅದೇ ಮಾತು ಅಲ್ಲಿತ್ತು. ಅದರ ಕೆಳಗೆ ನನ್ನದೇ ಪೆನ್ಸಿಲಿನ ಗೆರೆಯೂ ಇತ್ತು! ಕಾರು ಓಡಿಸುವಾಗ ನಡುವೆ ಬೆಲ್ಟ್ ಬಿಚ್ಚುವ ದಡ್ಡರು ಯಾರಿರುತ್ತಾರೆ ಎಂದುಕೊಂಡು ಪುಟ ತಿರುಗಿಸಿದ್ದು ನೆನಪಾಯಿತು. ಬಿಸಿಲು ಬರೆದಿದ್ದೆ, ಇಳಿಜಾರು ಬರೆದಿದ್ದೆ, ಪೆಟ್ರೋಲ್ ಬರೆದಿದ್ದೆ, ಅತ್ತೆಯನ್ನೂ ಬರೆದಿದ್ದೆ. ನನ್ನ ಕೈ ಏನು ಮಾಡುತ್ತಿತ್ತು ಎಂದು ಒಂದು ಕಾಲಂ ಮಾಡಿರಲಿಲ್ಲ. ಅಯ್ಯೋ ರಾಮ, ಮಕ್ಕಳು ಯಾರಾದರೂ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದೆ ತಿರುಗಿ, ನಿಮ್ಮಿಂದಲ್ಲ ಅತ್ತೆ, ಬೆಲ್ಟಿನಿಂದ ಎಂದೆ. ಅತ್ತೆಯ ಮುಖ ಅರಳಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು:

“ಅಂಗಾದ್ರೆ ನೀನೊಬ್ಳೇ ಹೋದಾಗ ಯಾಕೆ ನಿಲ್ಲಾಕಿಲ್ಲ? ಆಗ್ಲೂ ಬಿಚ್ತೀಯಲ್ಲ ಬೆಲ್ಟ.”

ಸಾಬರು ಬಸವಣ್ಣನ ಗುಡಿಯ ಪಕ್ಕದ ಬೇವಿನ ಮರವನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಆಮೇಲೆ, ಒಂದ್ನಿಮಿಷ ಬಂದೆ ಎಂದು ಬಾಗಿಲು ತೆಗೆದು ಇಳಿದು, ಆ ಮರದ ಕಡೆಗೇ ನಡೆದರು. ಉತ್ತರ ಒಂದೇ ಇತ್ತು. ಅದನ್ನು ಹೇಳದಿದ್ದರೆ ಅತ್ತೆಗೆ ನಂಬಿಕೆ ಬರುವುದಿಲ್ಲ. ಹೇಳಿದರೆ ಇಪ್ಪತ್ತಾರು ವರ್ಷದಿಂದ ಅವರು ನನ್ನ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬಂದದ್ದು ನೀರುಪಾಲು. ನಮ್ ಸೊಸೆ ಓದಿದ್ರೂ ಒಂದು ಶಾಸ್ತ್ರ ಬುಟ್ಟಿಲ್ಲ ಕಣ್ರವ್ವ, ಅಂತ ಅವರು ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೆ. ಕೇಳಿ ಹಿಗ್ಗಿದ್ದೆ ಕೂಡ.

“ಒಬ್ಬಳೇ ಹೋಗುವಾಗ ನಾನು ಏಳುವುದಿಲ್ಲ ಅತ್ತೆ,” ಎಂದೆ. “ಎಷ್ಟೋ ಸಲ ನಿಲ್ಲಿಸುವುದೂ ಇಲ್ಲ. ಎದೆ ಮುಟ್ಟಿಕೊಂಡು ಹೋಗಿಬಿಡುತ್ತೇನೆ. ನೀವಿದ್ದರೆ ಮಾತ್ರ ಏಳುತ್ತೇನೆ, ನಿಮಗೆ ಬೇಜಾರಾಗಬಾರದು ಅಂತ.”

ಹೇಳಿ ಸ್ಟಿಯರಿಂಗ್ ಹಿಡಿದುಕೊಂಡು ಕೂತೆ. ಕನ್ನಡಿ ನೋಡುವ ಧೈರ್ಯ ಬರಲಿಲ್ಲ. ಹಿಂದಿನಿಂದ ಎಂಥದೋ ಸದ್ದು ಬಂತು. ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು.

“ಅಯ್ಯೋ ನಿನ್ ಮನೆ ಕಾಯ್ವಾಗ,” ಎಂದರು. “ನೀ ಏಳ್ತೀಯಲ್ಲ ಅಂತ ಕಣಮ್ಮಿ ನಾ ಏಳ್ತಿದ್ದುದು. ನಿಮ್ ಮಾವ ಇರಗಂಟ ಅವ್ರ್ ಮುಂದೆ ಎದ್ದೆ. ಅವ್ರು ತೀರ್ಕಂಡ್ ಮ್ಯಾಲೆ, ಓದಿದ್ ಸೊಸೆನೇ ಏಳ್ತಾವ್ಳೆ, ನಾ ಕೂತಿದ್ರೆ ಏನಂದ್ಕತಳೋ ಅಂತ ನಿನ್ ಮುಂದೆ ಎದ್ದೆ. ಎದ್ದಾಗೆಲ್ಲ ಮಂಡಿ ಜೀವ ತಗೀತಿತ್ತು.”

ನನಗೂ ನಗು ತಡೆಯಲಾಗಲಿಲ್ಲ. ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕೆ. ಹಾರ್ನ್ ಒತ್ತಿಹೋಗಿ, ಮರದ ಕೆಳಗೆ ನಿಂತಿದ್ದ ಸಾಬರು ತಮ್ಮನ್ನೇ ಕರೆದೆವೆಂದು ಓಡಿಬಂದರು. ಬಸ್ಸಿನಲ್ಲಿ ಹೋಗುತ್ತಿದ್ದಾಗ ಏನು ಮಾಡುತ್ತಿದ್ದಿರಿ ಅತ್ತೆ ಎಂದು ಕೇಳಿದೆ. ಬಸ್ಸಲ್ಲಿ ನಂಗೆ ನಿದ್ದೆ ಬಂದ್ಬುಡ್ತಿತ್ತು, ದೇವ್ರೇ ನೋಡ್ಕಂಡು ಸುಮ್ನಾಗ್ತಿದ್ದ ಎಂದರು. ಸಾಬರಿಗೆ ವಿಷಯ ಅರ್ಥವಾಗಿತ್ತೋ ಇಲ್ಲವೋ, ಅವರೂ ನಕ್ಕರು.

ಕೆ.ಆರ್.ಪೇಟೆಯಲ್ಲಿ ಸಾಬರು ಇಳಿದರು. ಬೇಡವೆಂದರೂ ಅತ್ತೆ ಅವರ ಕೈಗೆ ಒಂದು ಚೀಲ ಅವರೆಕಾಯಿ ಕೊಟ್ಟರು. ನಾನು ಗೇರು ಹಾಕುವಷ್ಟರಲ್ಲಿ ತಡಿ ತಡಿ ಎಂದು ಹಿಂದಿನ ಬಾಗಿಲು ತೆಗೆದು, ಮಂಡಿ ಹಿಡಿದುಕೊಂಡು ಇಳಿದು, ಕಾರು ಸುತ್ತಿ ಬಂದು ಮುಂದಿನ ಸೀಟಿನಲ್ಲಿ ಕೂತರು. ಬೆಲ್ಟನ್ನು ತಾವೇ ಎಳೆದು ಹಾಕಿಕೊಂಡರು. ಗಾಜು ಇಳಿಸಿದರು.

“ನಡಿ ಮಗ,” ಎಂದರು. “ನನ್ ತಂಗಿ ಕಾಯ್ತಾವ್ಳೆ.”

ಸಂತೆಬಾಚಹಳ್ಳಿ ಇನ್ನೇನು ಬಂತು ಎನ್ನುವಾಗ ರಸ್ತೆ ಪಕ್ಕ ಒಂದು ಲಕ್ಷ್ಮೀದೇವಿ ಗುಡಿ ಇದೆ. ನಿಲ್ಲಿಸಲೋ ಬೇಡವೋ ಎಂದು ಅನುಮಾನಿಸಿ ನಿಲ್ಲಿಸಿದೆ. ಎಂಜಿನ್ ತಾನಾಗಿ ಆಫ್ ಆಯಿತು. ನಾನು ಕೈ ಮುಗಿದು ಓರೆಗಣ್ಣಲ್ಲಿ ಅತ್ತೆಯನ್ನು ನೋಡಿದೆ, ಏಳುತ್ತಾರೋ ಏನೋ ಎಂದು. ಅವರೂ ಕೈ ಮುಗಿದು ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದರು. ಇಬ್ಬರೂ ಏಳಲಿಲ್ಲ. ಅತ್ತೆಯ ಮನೆಗೆ ನಾನು ಸೊಸೆಯಾಗಿ ಕಾಲಿಟ್ಟು ಇಪ್ಪತ್ತಾರು ವರ್ಷವಾಗಿತ್ತು. ನಾವಿಬ್ಬರೂ ಒಬ್ಬರಿಗೊಬ್ಬರು ಹೆದರದೆ ಪಕ್ಕಪಕ್ಕ ಕೂತದ್ದು ಅದೇ ಮೊದಲು. ಕ್ಲಚ್ ತುಳಿದೆ. ಕಾರು ಹೊರಟಿತು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬತ್ತೀನಿ ಕಣವ್ವ ಎಂದು ದೇವಿಗೆ ಹೇಳಿದರು.